ಹತ್ತು ಮನೆಗೆ ಕೆಂಡ ಕೊಟ್ಟ ಒಲೆ

ನಾನು ಒಂದು ಬಕೆಟ್ ಒಲೆ. ಹುಟ್ಟಿದ್ದು ಬಣ್ಣದ ಡಬ್ಬಿಯಾಗಿ. ಒಲೆಯಾದದ್ದು ಫಕೀರಪ್ಪನ ಕೈಯಲ್ಲಿ. ಹುಬ್ಬಳ್ಳಿಯಿಂದ ಉತ್ತರದ ಒಂದು ಕಲ್ಲಿದ್ದಲಿನ ಶಹರಕ್ಕೆ ವರ್ಗವಾಗಿ ಬಂದ ರೈಲ್ವೆ ನೌಕರ ಅವನು. ನನ್ನ ಹೊಟ್ಟೆಯ ಕೆಳಗೆ ಕಿಂಡಿ ಕೊರೆದು, ನಡುವೆ ಕಬ್ಬಿಣದ ಸರಳು ಹಾಯಿಸಿದ. ಅವನ ಹೆಂಡತಿ ಸಾವಂತ್ರವ್ವ ಹೊಟ್ಟು ಕಲಸಿದ ಮಣ್ಣನ್ನು ಒಳಗೆಲ್ಲ ಮೆತ್ತಿದಳು.

ಅಲ್ಲಿನದು ಹುಬ್ಬಳ್ಳಿಯವರು ಕಂಡರಿಯದ ಚಳಿ. ಗಲ್ಲಿಯ ಹತ್ತೂ ಮನೆಗಳಲ್ಲಿ ಜೊತೆಗೆ ವರ್ಗವಾಗಿ ಬಂದವರೇ ಇದ್ದರು. ಹತ್ತಕ್ಕೂ ಒಂದೊಂದು ಒಲೆ. ಸಂಜೆಯಾಯಿತೆಂದರೆ ಎಲ್ಲರೂ ಒಲೆಯನ್ನು ಬಾಗಿಲ ಮುಂದಿಟ್ಟು, ಕೆಳಗೆ ಚಿಂದಿ ತುರುಕಿ, ಸೀಮೆಎಣ್ಣೆ ಸುರಿದು ಹೊತ್ತಿಸುವರು. ಹೊಗೆ ಮೇಲೇಳದೆ ಗಲ್ಲಿಯಲ್ಲೇ ಬೀಡುಬಿಡುವುದು. ಫಕೀರಪ್ಪನಿಗೆ ದಮ್ಮು. ಆ ಹೊತ್ತಿನಲ್ಲಿ ಅವನು ಎದೆ ಹಿಡಿದು ಕೂತರೆ ಸಾವಂತ್ರವ್ವನಿಗೆ ಜೀವ ಹೋದಂತಾಗುತ್ತಿತ್ತು. ಇನ್ನೊಂದು ಚಳಿಗಾಲ ಈ ಹೊಗೆ ಕುಡಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

ಒಂದು ದಿನ ಸಾವಂತ್ರವ್ವ ಅವಸರದಲ್ಲಿ ನನ್ನೊಳಗೆ ಹೊಸ ಕಲ್ಲಿದ್ದಲು ತುಂಬಿ, ಉಳಿದಿದ್ದ ಕೆಂಡವನ್ನು ಅದರ ಮೇಲೆ ಸುರಿದಳು. ಬೆಂಕಿ ಮೇಲಿನಿಂದ ಕೆಳಗಿಳಿಯಿತು. ಇದ್ದಲಿನ ಹೊಗೆ ಮೇಲಿನ ಕೆಂಡದಲ್ಲೇ ಉರಿದು, ಹೊರಗೆ ಬಂದದ್ದು ತೀರ ಕಡಿಮೆ. ಆಕೆ ಕಣ್ಣರಳಿಸಿ ನೋಡಿದಳು. ಅಂದಿನಿಂದ ಮಧ್ಯಾಹ್ನವೇ ನನ್ನನ್ನು ಗಲ್ಲಿಯಾಚೆಯ ಬಯಲಿನಲ್ಲಿ ಹೊತ್ತಿಸತೊಡಗಿ, ಮನೆಮನೆಗೂ ಹೇಳಿದಳು.

"ಸೀಮೆಎಣ್ಣಿ ಬ್ಯಾಡ್ರವ್ವಾ. ನನ್ನ ಒಲಿಯಿಂದ ಕೆಂಡ ಒಯ್ರಿ, ಇದ್ದಲಿ ಮ್ಯಾಲೆ ಸುರೀರಿ."

ಎಲ್ಲರೂ ಒಯ್ದರು. ನನಗೋ ನೆಲ ಕಾಣದಷ್ಟು ಜಂಬ.

ಅಡ್ಡ ಬಂದದ್ದು ಒಂದು ಶಾಸ್ತ್ರ. ದೀಪ ಹಚ್ಚಿದ ಮೇಲೆ ಮನೆಯ ಬೆಂಕಿಯನ್ನು ಹೊರಗೆ ಕೊಟ್ಟರೆ ಲಕ್ಷ್ಮಿಯೂ ಅದರ ಜೊತೆ ಹೊರಟುಹೋಗುತ್ತಾಳೆಂದು ಸಾವಂತ್ರವ್ವ ನಂಬಿದವಳು. ಪಕ್ಕದ ಮನೆಯ ಕಸ್ತೂರೆವ್ವ ಆಸ್ಪತ್ರೆಯ ಕೆಲಸ ಮುಗಿಸಿ ಬರುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು.

"ಸಾವಂತ್ರಕ್ಕ, ಎರಡು ಕೆಂಡ ಕೊಡವಾ."

"ದೀಪ ಹಚ್ಚೀನಿ ಕಸ್ತೂರಿ. ನಾಳೆ ಲಗೂನ ಬಾ."

ಕಸ್ತೂರೆವ್ವ ಹೋಗಿ ತನ್ನ ಒಲೆಗೆ ಸೀಮೆಎಣ್ಣೆ ಸುರಿದಳು. ಆ ಹೊಗೆ ನೆಟ್ಟಗೆ ನಮ್ಮ ಕಿಟಕಿಗೇ ಬಂತು. ಫಕೀರಪ್ಪನ ತುಟಿ ನೀಲಿಗಟ್ಟಿತು. ಅವನು ಸುಧಾರಿಸಿಕೊಳ್ಳುವವರೆಗೂ ಸಾವಂತ್ರವ್ವ ಬೆನ್ನು ನೀವುತ್ತ ಅತ್ತಳು. ನನಗೆ ಆಕೆಯ ಮೇಲೆ ಸಿಟ್ಟು ಬಂತು. ಹೊಟ್ಟೆ ತುಂಬ ಕೆಂಡ ಇಟ್ಟುಕೊಂಡು ಸುಮ್ಮನೆ ಕೂತಿದ್ದ ನನ್ನ ಮೇಲೂ ಬಂತು.

ಮರುದಿನ ಆಕೆ ದೀಪ ಹಚ್ಚಿ ಕೈಮುಗಿದಳು. ಆಮೇಲೆ ಇಕ್ಕಳ ಹಿಡಿದು, ತಾನೇ ಕೆಂಡ ತೆಗೆದು ಹಂಚಿನ ಮೇಲಿಟ್ಟುಕೊಂಡು ಕಸ್ತೂರೆವ್ವನ ಮನೆಗೆ ಹೊರಟಳು.

"ಲಕ್ಷ್ಮಿ ಹೊಂಟಳಲ್ಲ," ಎಂದು ಫಕೀರಪ್ಪ ಕೆಣಕಿದ.

"ಹೋದ್ರ ಕಸ್ತೂರಿ ಮನಿಗೆ ಹೋಗ್ತಾಳ. ಇಲ್ಲಿಂದ ಒದರಿದ್ರ ಆಕಿಗೆ ಕೇಳತೈತಿ."

ಹೀಗೆ ಏಳು ಚಳಿಗಾಲ ಕಳೆದವು. ಶಹರದ ಹೊಗೆಯೆಲ್ಲ ಹೋಯಿತೆಂದು ನಾನು ಬಡಾಯಿ ಕೊಚ್ಚುವುದಿಲ್ಲ. ನಮ್ಮ ಗಲ್ಲಿಯಲ್ಲಿ ಮಾತ್ರ ಸಂಜೆ ಹೊತ್ತು ಎದುರು ಮನೆ ಕಾಣತೊಡಗಿತು. ಆಮೇಲೆ ಗ್ಯಾಸ್ ಬಂತು. ನಾನು ಹಿತ್ತಿಲ ಮೂಲೆ ಸೇರಿದೆ. ಕಿಂಡಿಯಲ್ಲಿ ಜೇಡ ಮನೆ ಮಾಡಿತು. ಬೇಸರವೇನಿಲ್ಲ, ದುಡಿದ ಜೀವಕ್ಕೆ ಕೂರುವುದೂ ಸುಖವೇ.

ಇವತ್ತು ಬೆಳಿಗ್ಗೆ ಕೊರೆಯುವ ಚಳಿಯಲ್ಲಿ ಗುಜರಿಯವನು ಬಂದು ಗಲ್ಲಿಯ ತುದಿಯಲ್ಲಿ ಗಾಡಿ ನಿಲ್ಲಿಸಿದ. ಈಗ ರಿಟೈರಾಗಿರುವ ಫಕೀರಪ್ಪ ನನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ನಾನೇನು ಕಡಿಮೆ ಭಾರವಲ್ಲ.

"ನಡುವ ಒಮ್ಮೆ ಇಳಸ್ರಿ, ದಮ್ಮು ಹತ್ತೀತು," ಎನ್ನುತ್ತ ಸಾವಂತ್ರವ್ವ ಹಿಂದೆಯೇ ಬಂದಳು.

ಅವನು ಗಾಡಿಯವರೆಗೂ ಇಳಿಸಲಿಲ್ಲ. ನನ್ನ ಮೈ ಅವನ ಎದೆಗೆ ಒತ್ತಿಕೊಂಡಿತ್ತು. ಒಳಗೆ ಉಸಿರು ನಿಧಾನವಾಗಿ ಹೋಗಿ ಬರುತ್ತಿತ್ತು, ಒಂದು ಸಲವೂ ಸುಯ್ಯೆನ್ನಲಿಲ್ಲ. ಗಾಡಿ ಹತ್ತುವಾಗ ನನಗೆ ಇನ್ನೇನೂ ಬೇಕೆನಿಸಲಿಲ್ಲ.