ಕೂರಲು ಜಾಗವಿರುತ್ತದೆ

ಭಾವ ಸ್ಟೂಲಿನ ಮೇಲೆ ನಿಂತು ಕತ್ತರಿಯ ಬಾಯನ್ನು ದಾರಕ್ಕೆ ತಾಗಿಸಿದ್ದರು. ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ ಆಕೆ ಬೆಳಗಿನಿಂದ ಮೊದಲ ಸಲ ಬಾಯಿ ಬಿಟ್ಟಳು.

"ಕತ್ತರಿಸಬೇಡಿ ಭಾವ. ಗಂಟು ಬಿಚ್ಚಿ."

ಭಾವ ಕತ್ತರಿ ಕೆಳಗಿಳಿಸಿದರು. ಮಂಚದ ಮೇಲೆ ಅವರ ತಮ್ಮನ, ಆಕೆಯ ಗಂಡನ ದೇಹ. ಅದರ ಮೇಲೆ, ಈ ಗೋಡೆಯಿಂದ ಆ ಗೋಡೆಗೆ, ಬಣ್ಣದ ಕಾಗದದ ಸರಗಳು, ನಕ್ಷತ್ರಗಳು, ಗೊಂಚಲುಗಳು. ಸಾವಿನ ಮನೆಯಲ್ಲಿ ಇದೆಲ್ಲ ಏನು, ಮೊದಲು ತೆಗೀಬೇಕು ಎಂದು ಅವರು ಬಂದ ಕೂಡಲೇ ಹೇಳಿದ್ದರು. ಆಕೆ ಬೇಡವೆಂದಿರಲಿಲ್ಲ. ಈಗಲೂ ಬೇಡವೆನ್ನುತ್ತಿರಲಿಲ್ಲ. ಆ ಮನೆಯಲ್ಲಿ ದಾರ ಕತ್ತರಿಸಿದವರು ಯಾರೂ ಇಲ್ಲ, ಅಷ್ಟೇ. ಕತ್ತರಿಸಿದ ದಾರ ಮುಂದಿನ ವರ್ಷಕ್ಕೆ ಸಾಲುವುದಿಲ್ಲ.

ಭಾವ ಕನ್ನಡಕ ಏರಿಸಿಕೊಂಡು ಗಂಟಿಗೆ ಉಗುರು ಹಾಕಿದರು. "ಎಷ್ಟು ಗಂಟು ಹಾಕಿದ್ದಾನಮ್ಮ ಇವನು?"

"ಗೊತ್ತಿಲ್ಲ. ಮೂರು ದಿನ ಕೂತು ಹಾಕಿದ್ರು."

"ಮೂರು ದಿನ ಹಾಕಿದ್ದನ್ನ ಹನ್ನೊಂದಕ್ಕೆ ಗಾಡಿ ಬರೋದ್ರೊಳಗೆ ಬಿಚ್ಚೋದಾ? ಒಳ್ಳೇ ಕತೆ."

ಅರ್ಧ ಗಂಟೆಯಲ್ಲಿ ಎರಡು ಗಂಟು ಬಿಚ್ಚಿದವು. ಮೂರನೆಯದಕ್ಕೆ ಕೈ ಹಾಕಿದವರು ಹಾಗೇ ನಿಂತುಬಿಟ್ಟರು. ಆಮೇಲೆ ಮೆಲ್ಲಗೆ ಇಳಿದು, ಸ್ಟೂಲಿನ ಮೇಲೇ ಕೂತರು.

"ಚಿಕ್ಕವನಿದ್ದಾಗ ಶೂ ಲೇಸಿಗೂ ಹೀಗೇ ಹಾಕ್ತಿದ್ದ. ದಿನಾ ಸಂಜೆ ನಾನೇ ಬಿಚ್ಚಬೇಕಿತ್ತು," ಎಂದರು. ಮತ್ತೆ ಮೇಲೆ ಹತ್ತಲಿಲ್ಲ. ಸರಗಳು ಇದ್ದಲ್ಲೇ ಇದ್ದವು.

ಕಿಟಕಿಯ ಗಾಜಿಗೆ ಮಿಠಾಯಿ ಸುತ್ತಿ ಬರುವ ಬಣ್ಣದ ಹಾಳೆಗಳನ್ನು ಅಂಟಿಸಿದ್ದ. ವರ್ಷವಿಡೀ ಕೂಡಿಟ್ಟು, ಇಸ್ತ್ರಿ ಮಾಡಿದಂತೆ ಬೆರಳಲ್ಲಿ ನೀವಿದ ಹಾಳೆಗಳು. ಬಿಸಿಲು ಏರಿದಂತೆ ಒಂದು ಹಸಿರು ಚುಕ್ಕೆ ಅವನ ಹೊದಿಕೆಯ ಮೇಲೆ ತೆವಳಿ ಗಲ್ಲಕ್ಕೆ ಬಂತು. ಅದರ ಹಿಂದೆಯೇ ಒಂದು ಕೆಂಪು ಚುಕ್ಕೆ. ಕೋಣೆ ನೀರಿನ ತಳದಲ್ಲಿದ್ದಂತಿತ್ತು. ಗಾಳಿ ಆಡಿದಾಗಲೆಲ್ಲ ಕಾಗದ ಪಿಸುಗುಟ್ಟುತ್ತಿತ್ತು, ಆಕೆ ಪ್ರತಿ ಸಲವೂ "ಏನ್ರೀ?" ಎನ್ನುವಂತೆ ತಲೆಯೆತ್ತುತ್ತಿದ್ದಳು.

ನಿನ್ನೆ ಮಧ್ಯಾಹ್ನ ಕೊನೆಯ ಸರ ಕಟ್ಟಿ ಇಳಿದವನು ತಲೆ ಸುತ್ತುತ್ತಿದೆ ಎಂದಿದ್ದ. ಆಕೆ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

*

ಪ್ರೆಸ್ಸಿನಲ್ಲಿ ಅವನನ್ನು ಚೂರಪ್ಪ ಎನ್ನುತ್ತಿದ್ದರು. ಕಾಗದ ಕತ್ತರಿಸುವ ಯಂತ್ರದ ಮುಂದೆ ಅವನ ಕೆಲಸ. ಪುಸ್ತಕದ ಅಂಚು ಸವರಿದಾಗ ಉದುರುವ ಚೂರುಗಳನ್ನು ಎಲ್ಲರೂ ಗುಡಿಸಿ ಎಸೆದರೆ, ಅವನು ಬಣ್ಣದ್ದನ್ನಷ್ಟೇ ಆರಿಸಿ ಚೀಲಕ್ಕೆ ತುಂಬುತ್ತಿದ್ದ. ಮದುವೆಯಾಗಿ ಬಂದ ಹೊಸತರಲ್ಲಿ ಆಕೆ ಆ ಚೀಲ ಬಿಚ್ಚಿ ನೋಡಿ, "ಏನ್ರೀ ಇದು ಕಸ?" ಎಂದಿದ್ದಳು.

"ಕಸ ಅಲ್ವೇ, ರಜೆಗೆ ಸಾಮಾನು," ಎಂದಿದ್ದ ಅವನು, ಚಿನ್ನ ತಂದವನ ಗತ್ತಿನಲ್ಲಿ.

ಆ ವರ್ಷಾಂತ್ಯದ ರಜೆಗೆ ಅವನು ಹದಿನಾಲ್ಕು ಜನರನ್ನು ಚಹಾಕ್ಕೆ ಕರೆದಿದ್ದ. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ, ನಾಲ್ಕು ಕುರ್ಚಿ, ಎರಡು ಕಪ್ಪು. ಆಕೆ ತವರಿನಲ್ಲಿ ಗಾಜಿನ ಬೀರು ತುಂಬ ಒಂದೇ ಥರದ ಕಪ್ಪು ನೋಡಿ ಬೆಳೆದವಳು.

"ಎರಡೇ ಕಪ್ಪಿದೆ ಕಣ್ರೀ! ಮರ್ಯಾದೆ ಉಳಿಯುತ್ತಾ?"

ಅವನು ಪಾತ್ರೆ ಅಂಗಡಿಗೆ ಹೋಗಿ, ಸೆಟ್ಟು ಒಡೆದು ಒಂಟಿಯಾಗಿ ಉಳಿದ ಕಪ್ಪುಗಳನ್ನು ಬುಟ್ಟಿಗಟ್ಟಲೆ ತಂದ. ಒಂದರಂತೆ ಇನ್ನೊಂದಿಲ್ಲ. ಬಂದವರಿಗೆ, "ನಿಮ್ಮ ಕಪ್ಪು ನೆನಪಿಟ್ಟುಕೊಳ್ಳಿ, ನಮ್ಮನೇಲಿ ಯಾರದ್ದೂ ಅದಲುಬದಲಾಗಲ್ಲ," ಎಂದು ಹೆಮ್ಮೆಯಿಂದ ಹೇಳಿದ. ಅಡುಗೆಮನೆಯ ಬಾಗಿಲನ್ನೇ ಕಳಚಿ, ಎರಡು ಪೆಟ್ಟಿಗೆಗಳ ಮೇಲೆ ಹಾಸಿ, ಬಿಳಿ ಬೆಡ್‌ಶೀಟು ಹೊದಿಸಿ ಮೇಜು ಮಾಡಿದ. ಕಿತ್ತಳೆ ಸಿಪ್ಪೆಯನ್ನು ಹೂವಿನಂತೆ ಕೊರೆದು ಬೆಚ್ಚಗಿನ ಒಲೆಯ ಪಕ್ಕ ಇಟ್ಟ. ಕೋಣೆಯೆಲ್ಲ ಘಮಘಮ.

ಬಾಗಿಲು ಹೋದ ಜಾಗಕ್ಕೆ ಒಂದು ಪರದೆ ಬಂತು. ಆಕೆ ಆ ಪರದೆಯ ಹಿಂದೆಯೇ ನಿಂತಳು.

"ಬಾರೇ, ಎಲ್ಲರೂ ಕೇಳ್ತಿದ್ದಾರೆ."

"ನಂಗೆ ಮಾತಾಡೋಕೆ ಬರಲ್ಲ. ನೀವೇ ನೋಡ್ಕೊಳ್ಳಿ."

ಹೊರಗೆ ಅವನು, ಒಳಗೆ ಆಕೆ. ನಲವತ್ತು ವರ್ಷ ಹಾಗೇ ನಡೆಯಿತು. ಅತಿಥಿಗಳನ್ನು ಆಕೆ ಮುಖದಿಂದ ಗುರುತಿಸಿದವಳಲ್ಲ. ಯಾರ ನಗು ಯಾವುದು, ಯಾರ ಕೆಮ್ಮು ಯಾವುದು ಎಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

*

ಹತ್ತು ಗಂಟೆಗೆ ಮೇಲಿನ ಮನೆಯ ಟೈಲರಮ್ಮ ಫ್ಲಾಸ್ಕಿನಲ್ಲಿ ಚಹಾ ತಂದಳು. ಆಕೆಯ ಕೈಗೆ ಲೋಟ ಕೊಟ್ಟು, ಅಲ್ಲೇ ಕೂತು, ದನಿ ತಗ್ಗಿಸಿದಳು.

"ಅಕ್ಕಾ, ಇವತ್ತು ಭಾನುವಾರ."

"ಹೂಂ."

"ರಜೆಯ ಮೊದಲ ಭಾನುವಾರ."

ಆಕೆ ತಲೆಯೆತ್ತಿದಳು. ತಿಂಗಳ ಹಿಂದೆಯೇ ಕಾರ್ಡುಗಳು ಹೋಗಿದ್ದವು. ರಟ್ಟಿನ ಚೂರುಗಳ ಮೇಲೆ ಚೂರಪ್ಪನ ದುಂಡನೆಯ ಅಕ್ಷರದಲ್ಲಿ ಪ್ರತಿ ವರ್ಷದ ಅದೇ ನಾಲ್ಕು ಸಾಲು: ರಜೆಯ ಮೊದಲ ಭಾನುವಾರ ನಾಲ್ಕು ಗಂಟೆಗೆ ಬನ್ನಿ. ಚಹಾ ಇದೆ. ಏನೂ ತರಬೇಡಿ. ಕೂರಲು ಜಾಗವಿರುತ್ತದೆ.

"ಹತ್ತಿರದವರಿಗೆಲ್ಲ ನಾನು ಹೇಳಿ ಕಳಿಸಿದೀನಿ," ಎಂದಳು ಟೈಲರಮ್ಮ. "ದೂರದವರ ವಿಳಾಸ ಅಣ್ಣನ ತಲೇಲೇ ಇತ್ತು."

ಭಾವ ಕೇಳಿಸಿಕೊಂಡು ಹತ್ತಿರ ಬಂದರು. "ಅದಕ್ಕೇನಮ್ಮ, ಮಣ್ಣು ಮುಗಿಸಿ ಬಂದಮೇಲೆ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಚಿಲಕ ಹಾಕೋಣ. ಬಂದವರು ಓದ್ಕೊಂಡು ಹೋಗ್ತಾರೆ. ನೀನು ಈ ಸ್ಥಿತಿಲಿ ಯಾರಿಗೆ ಅಂತ ಮುಖ ಕೊಡ್ತೀಯ?"

ಆಕೆ ಲೋಟವನ್ನು ನೆಲಕ್ಕಿಟ್ಟಳು.

ಹನ್ನೊಂದಕ್ಕೆ ಗಾಡಿ ಬಂತು. ಹೊರುವವರು ಎತ್ತಿದಾಗ ಕೆಳಗೆ ಇಳಿಬಿದ್ದ ಸರವೊಂದು ಅವನ ಹಣೆಯನ್ನು ಸವರಿತು. ಗಾಡಿಯ ಚಾಲಕ ತಲೆ ಬಗ್ಗಿಸಿ ಒಳಗೆ ಬಂದವನು ಸುತ್ತ ನೋಡಿ, "ಮನೇಲಿ ಮದುವೆ ಇತ್ತಾ?" ಎಂದು ಪಿಸುದನಿಯಲ್ಲಿ ಕೇಳಿದ.

"ಇಲ್ಲಪ್ಪ," ಎಂದಳು ಟೈಲರಮ್ಮ. "ಇವತ್ತು ಇವರ ಮನೇಲಿ ಚಹಾ."

ಚಾಲಕನಿಗೆ ಅರ್ಥವಾಗಲಿಲ್ಲ. ಆದರೂ ಹೊರಗೆ ಹೋಗುವಾಗ, ಒಂದು ನಕ್ಷತ್ರವೂ ಹರಿಯದಂತೆ, ಸರಗಳನ್ನು ಅಂಗೈಯಲ್ಲಿ ಎತ್ತಿ ಹಿಡಿದು ದಾರಿ ಮಾಡಿಕೊಟ್ಟ.

ಗಾಡಿಯಲ್ಲಿ ಆಕೆ ಅವನ ಕಾಲ ಬಳಿ ಕೂತಳು. ರಜೆಯ ಬೀದಿ ಖಾಲಿಯಾಗಿತ್ತು. ಮುಚ್ಚಿದ ಅಂಗಡಿಗಳು, ಒಣಹಾಕಿದ ಬಟ್ಟೆಗಳು, ಎಲ್ಲೋ ಒಂದು ರೇಡಿಯೋ. ಎಲ್ಲವೂ ಯಾರೋ ಕಂಡ ಕನಸಿನ ಹಾಗೆ ಕಿಟಕಿಯಾಚೆ ತೇಲಿಹೋಗುತ್ತಿದ್ದವು. ಬಾಗಿಲಿಗೆ ಚಿಲಕ ಎಂಬ ಭಾವನ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

*

ಒಂದು ವರ್ಷ ಪ್ರೆಸ್ಸು ಐದು ತಿಂಗಳು ಮುಚ್ಚಿತ್ತು. ಅಡುಗೆಮನೆಯಲ್ಲಿ ಚಹಾಪುಡಿಯೂ ಇರಲಿಲ್ಲ. ಕಾರ್ಡು ಕಳಿಸದಿದ್ದರೂ ಜನ ಬಂದೇ ಬರುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

"ಹೊರಗಿಂದ ಬೀಗ ಹಾಕಿಸಿಬಿಡೋಣ ಕಣ್ರೀ," ಎಂದು ಆಕೆಯೇ ಹೇಳಿದ್ದಳು. "ಊರಿಗೆ ಹೋಗಿದ್ದಾರೆ ಅಂದ್ಕೋತಾರೆ."

ಚೂರಪ್ಪ ಮನಸ್ಸಿಲ್ಲದೆ ಒಪ್ಪಿದ. ಟೈಲರಮ್ಮ ಬೀಗ ಹಾಕಿ, ಕೀಲಿ ತೆಗೆದುಕೊಂಡು, ತಂಗಿಯ ಮನೆಗೆ ಹೋದಳು. ಗಂಡಹೆಂಡತಿ ಕಿಟಕಿ ಮುಚ್ಚಿ, ಮಂಚದ ಮೇಲೆ ಕಳ್ಳರಂತೆ ಉಸಿರು ಬಿಗಿಹಿಡಿದು ಕೂತರು.

ನಾಲ್ಕಕ್ಕೆ ಹೆಜ್ಜೆ ಸಪ್ಪಳ. ಬೀಗ ಅಲುಗಾಡಿಸಿದ ಸದ್ದು. "ಇಲ್ಲೇ ಎಲ್ಲೋ ಹೋಗಿರ್ತಾನೆ, ಬರ್ತಾನೆ," ಎಂದಿತು ಒಂದು ದನಿ. ಯಾರೂ ಹೋಗಲಿಲ್ಲ. ಮೆಟ್ಟಿಲ ಮೇಲೆ ಒಬ್ಬೊಬ್ಬರೇ ಕೂತರು. ಯಾರದೋ ಚೀಲದಿಂದ ಬಿಸ್ಕತ್ತು ಹೊರಬಂತು, ಯಾರದೋ ಫ್ಲಾಸ್ಕು ತೆರೆಯಿತು. ಮಾತು, ನಗು, ಮಕ್ಕಳ ಓಡಾಟ.

ಕತ್ತಲಲ್ಲಿ ಚೂರಪ್ಪ ಹೆಂಡತಿಯ ಕಿವಿಯಲ್ಲಿ, "ನಾವಿಲ್ಲದೇನೇ ಚೆನ್ನಾಗಿ ನಡೀತಿದೆಯಲ್ಲೇ!" ಎಂದು ಪಿಸುಗುಟ್ಟಿ, ನಗು ತಡೆಯಲಾಗದೆ ದಿಂಬು ಕಚ್ಚಿದ.

ಆಗ ಹೊರಗೆ ಯಾರೋ ಕೆಮ್ಮಿದರು. ಬಿಡದ ಒಣ ಕೆಮ್ಮು. "ಒಂದು ಗುಟುಕು ನೀರಿದ್ದಿದ್ರೆ..." ಎಂದಿತು ಆ ದನಿ.

ಚೂರಪ್ಪ ಎದ್ದ. ಎಲ್ಲಿದ್ದೇನೆ, ಏಕಿದ್ದೇನೆ ಎಂಬುದೆಲ್ಲ ಮರೆತವನಂತೆ ಹೂಜಿಯಿಂದ ಲೋಟ ತುಂಬಿಕೊಂಡು ಬಾಗಿಲವರೆಗೆ ನಡೆದ. ಅಲ್ಲಿ ನಿಂತ. ಬೀಗ ಆಚೆ ಇತ್ತು. ತುಳುಕುವ ಲೋಟ ಹಿಡಿದು, ಮುಚ್ಚಿದ ಬಾಗಿಲಿಗೆ ಮುಖಮಾಡಿ ನಿಂತ ಅವನ ಬೆನ್ನನ್ನು ಆಕೆ ಮಂಚದಿಂದ ನೋಡಿದಳು.

ಕೊನೆಗೆ ಅವನು ಗಂಟಲು ಸರಿಮಾಡಿಕೊಂಡು, "ಸ್ವಲ್ಪ ಕಿಟಕಿ ಹತ್ತಿರ ಬರ್ತೀರಾ?" ಎಂದ.

ಹೊರಗೆ ಎದ್ದ ನಗುವಿಗೆ ಇಡೀ ಕಟ್ಟಡವೇ ಗಡಗಡಿಸಿತು. ಕಿಟಕಿಯ ಸರಳುಗಳ ನಡುವೆ ನೀರು ಆಚೆ ಹೋಯಿತು. ಬಿಸ್ಕತ್ತು, ಚಹಾ ಈಚೆ ಬಂದವು. ಆಕೆ ನಾಚಿಕೆಯಿಂದ ಪರದೆಯ ಹಿಂದೆ ಓಡಿಹೋಗಿ ಅತ್ತಳು. ಅವನು ಆ ದಿನದ ಬಗ್ಗೆ ಆಮೇಲೆ ಎಂದೂ ಒಂದು ಮಾತು ಆಡಲಿಲ್ಲ.

*

ಮಣ್ಣು ಮುಗಿಸಿ ಬಂದಾಗ ಮೂರೂವರೆ. ಭಾವ ಚೀಟಿ ಬರೆದು, ಹಿಂದೆ ಅಂಟು ಸವರಿ, ಎರಡು ಬೆರಳಲ್ಲಿ ಹಿಡಿದು ನಿಂತಿದ್ದರು.

"ಬೇಡ ಭಾವ," ಎಂದಳು ಆಕೆ. "ಬಾಗಿಲು ತೆಗೆದಿಡಿ."

"ಯಾರು ಮಾತಾಡಿಸ್ತಾರೆ ಅವರನ್ನ?"

ಆಕೆ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟಳು. ಟೈಲರಮ್ಮ ತನ್ನ ಮನೆಯ ಬ್ರೆಡ್ಡು ತಂದಳು. ಎದುರು ಮನೆಯಿಂದ ಬೇಯಿಸಿದ ಆಲೂಗಡ್ಡೆ ಬಂತು.

ಜನ ಬಂದರು. ಸುದ್ದಿ ತಿಳಿದವರು ಚಪ್ಪಲಿ ಬಿಟ್ಟು ಬಂದು ಕೂತರು. ತಿಳಿಯದೆ ಬಂದ ಇಬ್ಬರಿಗೆ ಟೈಲರಮ್ಮ ಮೆಟ್ಟಿಲಲ್ಲೇ ಹೇಳಿದಳು. ಅವರು ನಗುತ್ತ ಹತ್ತಿ ಬಂದವರು ಅಳುತ್ತ ಒಳಗೆ ಬಂದರು. ಬಣ್ಣದ ಟೋಪಿ ಹಾಕಿಕೊಂಡು ಬಂದಿದ್ದ ಪುಟ್ಟ ಹುಡುಗಿ, ಅದನ್ನು ತೆಗೆಯಬೇಕೋ ಬೇಡವೋ ತಿಳಿಯದೆ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಿದ್ದಳು. ಯಾರೂ ಜೋರಾಗಿ ಮಾತಾಡಲಿಲ್ಲ. ಚಹಾ ಆರಿತು. ಐದಾಗುವಷ್ಟರಲ್ಲಿ ಎಲ್ಲರೂ ಎದ್ದು ಹೊರಡುವ ಹವಣಿಕೆಯಲ್ಲಿದ್ದರು.

ಆಗ ಬಾಗಿಲಲ್ಲಿ ಕೆಮ್ಮು ಕೇಳಿತು. ಒಣ ಕೆಮ್ಮು. ಪರದೆಯ ಹಿಂದಿದ್ದ ಆಕೆಗೆ ಯಾರೆಂದು ಗೊತ್ತಾಯಿತು. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದ ಪ್ರೂಫ್ ಮೇಷ್ಟ್ರು. ನಿವೃತ್ತಿಯ ನಂತರ ದೂರದ ಊರಿನಲ್ಲಿದ್ದರು. ಈಗ ಎಂಬತ್ತರ ಮೇಲೆ. ದಪ್ಪ ಗಾಜಿನ ಕನ್ನಡಕ, ಕೈಯಲ್ಲಿ ಊರುಗೋಲು, ಜೇಬಿನಿಂದ ಇಣುಕುವ ರಟ್ಟಿನ ಕಾರ್ಡು. ಮೆಟ್ಟಿಲಲ್ಲಿ ಟೈಲರಮ್ಮ ಹೇಳಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ.

"ತಡವಾಯ್ತು, ತಡವಾಯ್ತು! ಆ ಹಾಳು ಬಸ್ಸು ದಾರಿಲಿ ಎರಡು ಸಲ ಕೆಟ್ಟಿತು," ಎಂದು ಕಿವಿ ಮಂದವಾದವರ ಎತ್ತರದ ದನಿಯಲ್ಲಿ ಸಾರಿದರು. ತುಂಬಿದ ಕೋಣೆಯನ್ನು, ಸರಗಳನ್ನು ಕಣ್ಣು ಕಿರಿದು ಮಾಡಿ ನೋಡಿದರು. "ಓಹೋ! ಈ ಸಲ ಜನ ಚೆನ್ನಾಗಿ ಸೇರಿದ್ದಾರೆ. ಎಲ್ಲಿ ನಮ್ಮ ಚೂರಪ್ಪ?"

ಭಾವ ಎದ್ದು ನಿಂತರು. "ನೋಡಿ ಮೇಷ್ಟ್ರೇ, ವಿಷಯ ಏನಂದ್ರೆ..."

ಪರದೆ ಸರಿಯಿತು. "ಭಾವ, ಮೇಷ್ಟ್ರಿಗೆ ಕುರ್ಚಿ ಕೊಡಿ."

ನಲವತ್ತು ವರ್ಷದಲ್ಲಿ ಆ ದನಿಯನ್ನು ಆ ಕೋಣೆಯಲ್ಲಿ ಕೇಳಿದವರು ಕಡಿಮೆ. ಆಕೆ ಹೊರಗೆ ಬಂದು ಮೇಷ್ಟ್ರ ಎದುರೇ ಕೂತಳು.

"ಬೆಳಗ್ಗೆಯಿಂದ ಏನಾದ್ರೂ ತಿಂದಿದ್ದೀರಾ?"

"ಇಲ್ಲಮ್ಮ. ಇಲ್ಲಿ ತಿನ್ನೋಕೆ ಅಂತಾನೇ ಹೊಟ್ಟೆ ಖಾಲಿ ಇಟ್ಕೊಂಡು ಬಂದೆ," ಎಂದು ನಕ್ಕರು. "ಯಜಮಾನ್ರು?"

"ಮೊದಲು ತಿನ್ನಿ. ಆಮೇಲೆ ಹೇಳ್ತೀನಿ."

ಆಕೆ ಕೋಣೆಯ ಎಲ್ಲರತ್ತ ಒಮ್ಮೆ ನೋಡಿದಳು, ಅಷ್ಟೇ. ಹೊರಡಲು ಎದ್ದಿದ್ದವರು ಕೂತರು. ಯಾರೋ ಚಹಾ ಬಿಸಿ ಮಾಡಲು ಒಳಗೆ ಹೋದರು. ಭಾವ ಗಂಟಲು ಕೆರೆದುಕೊಂಡು, "ಬಸ್ಸು ಎಲ್ಲಿ ಕೆಟ್ಟಿತು ಮೇಷ್ಟ್ರೇ?" ಎಂದರು. ಮೇಷ್ಟ್ರು ಆಲೂಗಡ್ಡೆ ಅಗಿಯುತ್ತ ಬಸ್ಸಿನ ಪುರಾಣ ಶುರುಮಾಡಿದರು. ಒಬ್ಬರು ನಕ್ಕರು. ಇನ್ನೊಬ್ಬರು ತಮ್ಮ ಬಸ್ಸಿನ ಕತೆ ತೆಗೆದರು. ಪುಟ್ಟ ಹುಡುಗಿ ಟೋಪಿ ಸರಿಮಾಡಿಕೊಂಡಳು. ಮೆಲ್ಲಮೆಲ್ಲನೆ ಕೋಣೆ ಮಾತಿನಿಂದ ತುಂಬಿತು.

ನಡುವೆ ಮೇಷ್ಟ್ರು ತಲೆಯೆತ್ತಿ, ತಲೆಯ ಮೇಲೇ ತೂಗುತ್ತಿದ್ದ ನಕ್ಷತ್ರವನ್ನು ದಿಟ್ಟಿಸಿದರು. ಅದು ಯಾವುದೋ ಕೆಟ್ಟುಹೋದ ಮುಖಪುಟದ ಹಾಳೆ.

"ಅಯ್ಯೋ! ಅಲ್ಲಿ ನೋಡಿ, ಒತ್ತಕ್ಷರ ಬಿಟ್ಟುಹೋಗಿದೆ. ನನ್ನ ಕಣ್ಣು ತಪ್ಪಿಸಿಕೊಂಡಿದ್ದು ಅದೊಂದೇ. ಚೂರಪ್ಪ ಅದನ್ನ ಅಲ್ಲಿ ನೇತುಹಾಕಿದ್ದಾನೆ ನೋಡಿ, ಕಳ್ಳ!"

ಎಲ್ಲರೂ ಮುಖವೆತ್ತಿ ಆ ನಕ್ಷತ್ರವನ್ನು ನೋಡಿದರು. ಬಹಳ ಹೊತ್ತು ಹಾಗೇ ನೋಡುತ್ತಿದ್ದರು. ಮುಖ ಇಳಿಸಿದರೆ ಕಣ್ಣು ತುಳುಕುತ್ತಿತ್ತು.

"ಸಾಕಮ್ಮ, ಹೊಟ್ಟೆ ತುಂಬಿತು," ಎಂದರು ಮೇಷ್ಟ್ರು. "ಈಗ ಹೇಳು, ಎಲ್ಲಿ ಅವನು?"

"ಇನ್ನೊಂದೇ ಒಂದು ತುಂಡು," ಎಂದಳು ಆಕೆ.

ಬ್ರೆಡ್ಡಿನಲ್ಲಿ ಉಳಿದದ್ದು ನಾಲ್ಕು ಬೆರಳಗಲ. ಆಕೆ ಚಾಕು ಎತ್ತಿಕೊಂಡು, ಅವಸರವೇ ಇಲ್ಲದವಳಂತೆ ಒಂದು ತುಂಡು ಕೊಯ್ದು ಅವರ ತಟ್ಟೆಗಿಟ್ಟಳು. ಅದು ಮುಗಿಯುವ ಮೊದಲೇ ಇನ್ನೊಂದು. ಪ್ರತಿ ತುಂಡೂ ಹಿಂದಿನದಕ್ಕಿಂತ ತೆಳ್ಳಗೆ. ಕೊನೆಕೊನೆಗೆ ಕೊಯ್ದು ಎತ್ತಿ ಹಿಡಿದ ತುಂಡಿನ ಮೂಲಕ ಸಂಜೆಯ ಬಿಸಿಲು ಈಚೆಗೆ ಹಾಯ್ದು ಬಂದು, ಆಕೆಯ ಬೆರಳುಗಳ ನೆರಳು ಅದರಲ್ಲಿ ಕಾಣುತ್ತಿತ್ತು.