ಮುನಿಸಿಕೊಂಡ ಮಗ್ಗ

"ಇನ್ನೊಂದು ಉದಾಹರಣೆ ಯಾರು ಹೇಳ್ತೀರಿ?" ಎಂದು ಮಾದೇವಿ ಮಕ್ಕಳನ್ನು ಕೇಳಿದಳು. ಬನಹಟ್ಟಿಯ ಈ ಸಾಲೆಯಲ್ಲಿ ಅವಳನ್ನು ಕಾಯಂ ಮಾಡಬೇಕೋ ಬೇಡವೋ ಎಂಬುದು ಇದೊಂದು ಪಾಠದ ಮೇಲೆ ನಿಂತಿತ್ತು. ಹೆಡ್‌ಮಾಸ್ತರ ಮುರಗೆಪ್ಪನವರು ಹಿಂದಿನ ಗೋಡೆಗೆ ಕುರ್ಚಿ ಹಾಕಿಸಿಕೊಂಡು, ಪೆನ್ನು ಬಿಚ್ಚಿ ಕೂತಿದ್ದರು. ಕೆಲಸ ತಪ್ಪಿದರೆ ಲೋಕಾಪುರದ ಸಂಬಂಧಕ್ಕೆ ಹ್ಞೂಂ ಅನ್ನುವುದೇ ಸೈ ಎಂದು ಅಪ್ಪ ಮುಂಜಾನೆ ಚಹಾ ಕುಡಿಯುತ್ತಲೇ ಹೇಳಿಬಿಟ್ಟಿದ್ದ.

ಹಲಗೆಯ ಮೇಲೆ 'ಹೊಳೆ ಹಾಡಿತು', 'ಗಾಳಿ ಕದ ತಟ್ಟಿತು' ಎಂದಿತ್ತು. ಜೀವವಿಲ್ಲದ್ದಕ್ಕೆ ಮನುಷ್ಯರ ನಡತೆ ಹೊರಿಸಿ ಹೇಳುವುದೇ ಮಾನವೀಕರಣ ಅಲಂಕಾರ ಎಂದು ವಿವರಿಸಿಯಾಗಿತ್ತು. ನೇಕಾರ ಓಣಿಯ ಯಂಕವ್ವ ಎದ್ದು ನಿಂತಳು.

"ಮಗ್ಗ ಮುನಸ್ಕೊಂಡೈತ್ರಿ, ಬಾಯಾರ."

"ಶಾಬಾಸ್," ಎಂದರು ಮುರಗೆಪ್ಪನವರು.

ಮಾದೇವಿಗೆ ಹೋದ ಉಸಿರು ಬಂದಂತಾಯಿತು. ಅದನ್ನೂ ಹಲಗೆಗೆ ಬರೆಯುತ್ತ, "ಮಗ್ಗಕ್ಕ ಜೀವ ಇಲ್ಲ. ಆದ್ರೂ ಮುನಸ್ಕೊಂಡೈತಿ ಅಂತೀವಿ, ಹೌದಿಲ್ಲೋ?" ಎಂದಳು.

"ಜೀವ ಐತ್ರಿ."

"ಹಂಗಾದ್ರ ನಿಮ್ಮ ಮಗ್ಗ ರೊಟ್ಟಿ ತಿಂತೈತೇನ್ಲೇ?" ಎಂದು ಯಾರೋ ಕಿಸಕ್ಕೆಂದರು. ಯಂಕವ್ವ ತಿರುಗಿ ನೋಡಲಿಲ್ಲ.

"ಅಮಾಸಿ ದಿನ ಮಗ್ಗಕ್ಕ ಬಿಡುವು ಕೊಡಬೇಕ್ರಿ. ಅಪ್ಪ ಕೇಳ್ಲಿಲ್ಲ, ನೇಯಾಕ ಕುಂತ. ಲಾಳಿ ಹಾರಿ, ಬಾಜೂಕ ನೂಲು ಸುತ್ತಾಕತ್ತಿದ್ದ ಅವ್ವನ ಕಣ್ಣಿಗೆ ಬಡೀತು."

ನಗು ನಿಂತಿತು. ಮುರಗೆಪ್ಪನವರು ಕೆಮ್ಮಿದರು. "ಅದು ಬರೀ ಕಟಗಿ ಅಂತ ತಿಳಿಸಿ ಹೇಳ್ರಿ, ಬಾಯಾರ. ಅಲಂಕಾರಕ್ಕೂ ಮೂಢನಂಬಿಕಿಗೂ ಫರಕ ಗೊತ್ತಾಗಲಿ."

ಅವರು ಹೇಳಿದ್ದು ಖರೆಯೇ. ಮಾದೇವಿ ಬಾಯಿ ತೆರೆದಳು. ಯಂಕವ್ವ ಲಂಗದ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಅವಳನ್ನೇ ನೋಡುತ್ತಿದ್ದಳು.

"ಬರೀ ಕಟಗಿ ಅಂದ್ರ, ತಪ್ಪು ಅಪ್ಪಂದ ಆಕ್ಕೈತೇನ್ರಿ?"

"ಹೇಳ್ರಿ ಬಾಯಾರ," ಎಂದರು ಹಿಂದಿನಿಂದ.

ಮಾದೇವಿ ಅರಿವೆ ತೆಗೆದುಕೊಂಡು ಹಲಗೆಯ ಕೊನೆಯ ಸಾಲನ್ನು ಒರೆಸಿದಳು. "ಇದು ಅಲಂಕಾರ ಅಲ್ಲವ್ವಾ," ಎಂದಳು ಹುಡುಗಿಗೆ. ಆಮೇಲೆ ಹಿಂದಿನ ಗೋಡೆಯ ಕಡೆ ನೋಡದೆ, "ಕಟಗಿ ಅಂತ ಇವತ್ತ ನಾ ಈಕಿಗೆ ಹೇಳೂದಿಲ್ರಿ, ಸರ್," ಎಂದಳು.

ಪೆನ್ನಿನ ಟೊಪ್ಪಿಗೆ ಮುಚ್ಚಿದ ಸಪ್ಪಳವಾಯಿತು. ಗಂಟೆ ಬಾರಿಸುವ ಮೊದಲೇ ಮುರಗೆಪ್ಪನವರು ಎದ್ದು ಹೋದರು. ಪಡಸಾಲೆಯ ಕೊನೆಯವರೆಗೂ ಅವರ ಮೆಟ್ಟಿನ ಸಪ್ಪಳ ಕೇಳುತ್ತಿತ್ತು.

"ಅವ್ವನ ಕಣ್ಣು ಈಗ ಹ್ಯಾಂಗೈತಿ?"

"ಪಟ್ಟಿ ನಾಳೆ ಬಿಚ್ತಾರ್ರಿ. ಅಪ್ಪ ಊಟಾನ ಮಾಡವಲ್ಲ."

"ಕುಂದ್ರವ್ವಾ."

ಯಂಕವ್ವನ ಮಗ್ಗುಲಿನ ಹುಡುಗಿ ತನ್ನ ಪಾಟಿಚೀಲವನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಗೋಣಿತಟ್ಟಿನ ಮೇಲೆ ಒಂದಿಷ್ಟು ಜಾಗ ಬಿಟ್ಟಳು.