ಜರ್ಕು ಹೊಡೆಯುತ್ತಿದ್ದ ಕಾಲ

ನಾನು ಏಳು ಸಮುದ್ರ ದಾಟಿ ಬಂದ ಒಂದು ವ್ಯಾನು. ಹುಟ್ಟಿದ್ದು ಹಿಮ ಬೀಳುವ ದ್ವೀಪದ ಕಾರ್ಖಾನೆಯಲ್ಲಿ. ನನಗೆ ಕ್ಲಚ್ ಇಲ್ಲ. ಯಾವಾಗ ಯಾವ ಗೇರು ಎಂಬುದನ್ನು ನಾನೇ ನೋಡಿಕೊಳ್ಳುತ್ತೇನೆ. ಬಂದರಿನಲ್ಲಿ ಹಡಗು ಕಂಪನಿಯ ಸಾಹೇಬರನ್ನು ಹೊತ್ತು ತಿರುಗಿ, ಬಣ್ಣ ಮಾಸಿದ ಮೇಲೆ ಹರಾಜಿನಲ್ಲಿ ಅಂಕೋಲೆಯ ಗಣಪುವಿನ ಪಾಲಾದೆ. ದೋಣಿಯ ಹಗ್ಗ ಸುತ್ತಿ ಅವನ ಎಡಗಾಲು ಹೋಗಿತ್ತು. ಒಂದೇ ಕಾಲಿಗೆ ಒಲಿಯುವ ಗಾಡಿ ಆ ಊರಿನಲ್ಲಿ ನಾನೊಂದೇ.

ಇಬ್ಬರೂ ಸೇರಿ ಮೀನು ಹೊತ್ತೆವು. ಮಂಜುಗಡ್ಡೆಯ ನೀರು ಸೋರಿ ನನ್ನ ನೆಲಕ್ಕೆ ತುಕ್ಕು ಹಿಡಿಯಿತು, ಬೇಸರವಾಗಲಿಲ್ಲ. ಆಮೇಲೆ ಅವನ ಹೆಂಡತಿ ನಾಗವೇಣಿಯ ಕುತ್ತಿಗೆಯ ಮೂಳೆಯಲ್ಲಿ ಗಡ್ಡೆ ಬೆಳೆಯಿತು. ಮೀನಿನ ಬುಟ್ಟಿಗಳು ಇಳಿದು ಹಾಸಿಗೆ ಏರಿತು. ವಾರವಾರ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಗಡ್ಡೆಗೆ ಕರೆಂಟು ಕೊಡಿಸಬೇಕು, ತಪ್ಪಿಸಿದರೆ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು.

ವಯಸ್ಸಾದ ನಾನು ಗೇರು ಬದಲಿಸುವಾಗ ಜರ್ಕು ಹೊಡೆಯುತ್ತಿದ್ದೆ. ಪ್ರತಿ ಜರ್ಕಿಗೂ ಅವಳು ಹಲ್ಲು ಕಚ್ಚುವುದು ನನಗೆ ಕೇಳುತ್ತಿತ್ತು. ಗಣಪುವಿಗೂ.

ಗ್ಯಾರೇಜಿನ ಇಮ್ತಿಯಾಜ್ ನನ್ನ ಕೆಳಗೆ ಮಲಗಿ ನೋಡಿದ. ಗೇರುಪೆಟ್ಟಿಗೆಯ ತಂತಿಯನ್ನು ಸಡಿಲ ಬಿಟ್ಟರೆ ಗೇರು ಬೇಗನೆ, ಮೆತ್ತಗೆ ಬೀಳುತ್ತದೆ. ಆದರೆ ಒಳಗಿನ ಎಣ್ಣೆಯ ಒತ್ತಡ ಇಳಿದು ಏರಿನಲ್ಲಿ ಹಿಡಿತ ಜಾರಬಹುದು ಎಂದ.

"ಬ್ಯಾಡ," ಎಂದಳು ಒಳಗೆ ಮಲಗಿದ್ದ ನಾಗವೇಣಿ. "ನೋವು ನಾ ತಡ್ಕಂತೆ. ಗಾಡಿ ತಡ್ಕಣ್ಬೇಕಲ್ಲ."

"ನೀ ಸುಮ್ಮಂಗಿರೆ," ಎಂದ ಗಣಪು. "ನೋಡೂಕೆ ನಂಗೆ ಆಗೂದಿಲ್ಲ."

ತಂತಿ ಸಡಿಲವಾಯಿತು. ಮರುವಾರ ನಾನು ಬೆಣ್ಣೆಯ ಮೇಲೆ ಜಾರಿದಂತೆ ಹೋದೆ. ನಾಗವೇಣಿಗೆ ದಾರಿಯುದ್ದಕ್ಕೂ ನಿದ್ದೆ. ಗಣಪು ಏನೋ ಗುನುಗಿಕೊಂಡ. ಅದರ ಮುಂದಿನ ವಾರ ಘಟ್ಟದ ನಡುವೆ ನನ್ನ ಇಂಜಿನ್ನು ಅರಚಿತು, ಚಕ್ರ ಮಾತ್ರ ತಿರುಗಲಿಲ್ಲ. ಸುಟ್ಟ ಎಣ್ಣೆಯ ನಾತ. ಹಿಂದೆ ಬಂದ ಲಾರಿಯವರು ಅವಳನ್ನು ಹಾಸಿಗೆ ಸಮೇತ ಎತ್ತಿ ತಮ್ಮ ಗಾಡಿಗೆ ಹಾಕಿಕೊಂಡರು. ಆ ಕುಲುಕಾಟದಲ್ಲಿ, ಯಲ್ಲಾಪುರ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತಂತೆ.

ಈಗ ನಾನು ಗುಜರಿಯಲ್ಲಿದ್ದೇನೆ. ಬಾಗಿಲುಗಳು ಹೋದವು. ಗುಜರಿಯ ಮಾದೇವ ನನ್ನ ಗೇರುಪೆಟ್ಟಿಗೆ ಬಿಚ್ಚಿದ ದಿನ ಗಣಪು ಊರುಗೋಲು ಹಿಡಿದು ಪಕ್ಕದಲ್ಲೇ ನಿಂತಿದ್ದ. ಒಳಗೆ ಹಿಡಿತ ಕೊಡುವ ಬಿಲ್ಲೆಗಳೆಲ್ಲ ಸುಟ್ಟು ಇದ್ದಿಲಾಗಿದ್ದವು.

"ತಂತಿ ಸಡ್ಲ ಮಾಡ್ದೆ ಇದ್ರೆ ಇದು ಘಟ್ಟ ಹತ್ತತಿತ್ತಾ?"

ಮಾದೇವ ಅವನ ಮುಖ ನೋಡಿದ. "ಇಲ್ಲ ಗಣಪಣ್ಣ. ಹಳೇ ಗಾಡಿ. ಹ್ಯಾಂಗೂ ನಿಲ್ತಿತ್ತು."

ಗಣಪು ತಲೆಯಾಡಿಸಿದ. ನನ್ನ ಬಾನೆಟ್ಟಿನ ಧೂಳನ್ನು ಅಂಗೈಯಿಂದ ಒರೆಸಿ ಹೊರಟ.

ಹತ್ತುತ್ತಿದ್ದೆ. ಜರ್ಕು ಹೊಡೆಯುತ್ತ, ಅವಳನ್ನು ನೋಯಿಸುತ್ತ, ಖಂಡಿತ ಹತ್ತುತ್ತಿದ್ದೆ. ಅಜ್ಜಿಯರ ಕತೆಗಳಲ್ಲಿ ಕಲ್ಲು ಮರಗಳೂ ಬಾಯಿಬಿಟ್ಟು ನಿಜ ನುಡಿಯುತ್ತವೆ. ನನಗೆ ಬಾಯಿ ಕೊಡದಿದ್ದವರು ಪುಣ್ಯವಂತರು.